ಆರದ ದೀಪ, ತಪ್ಪಿದ ಲೆಕ್ಕ

ಗಣಕಯಂತ್ರವು ಕೆಲಸವಿಲ್ಲದೆ ಸುಮ್ಮನಿರುವಾಗಲೂ ಅದರ ಬ್ಯಾಟರಿ ಬರಿದಾಗುವುದನ್ನು ವಿದ್ಯಾರ್ಥಿಗಳು ಕಂಡಿರಬಹುದು. ಇದಕ್ಕೆ ಕಾರಣಗಳು ಹಲವು. ಬರಿಯ ಲೆಕ್ಕದ ತಪ್ಪು ಅವುಗಳಲ್ಲೊಂದು. ಅದನ್ನು ತಿದ್ದಿದ ಬಗೆಯು ವಿಚಾರಯೋಗ್ಯವಾದುದೆಂದು ನಾವು ಭಾವಿಸುತ್ತೇವೆ.

ಹುಮನಾಬಾದಿನಿಂದ ರಾಜೇಶ್ವರದ ಮೂಲಕ ಸಾಗುವ ಹೆದ್ದಾರಿಯು ಹಲವು ಊರುಗಳನ್ನು ಜೋಡಿಸುವಂತೆ, ಗಣಕದೊಳಗೆ 'ಬಸ್' ಎಂಬ ಸಂಪರ್ಕಮಾರ್ಗವು ಧ್ವನಿ, ಚಿತ್ರ, ಜಾಲ ಮೊದಲಾದವುಗಳ ಉಪಕರಣಗಳನ್ನು ಸಂಸ್ಕಾರಕಕ್ಕೆ ಜೋಡಿಸುತ್ತದೆ. ಒಂದೊಂದು ಉಪಕರಣವನ್ನು ನಡೆಸುವ ತಂತ್ರಾಂಶಕ್ಕೆ 'ಡ್ರೈವರ್' ಎಂದು ಹೆಸರು. ಪಿಸಿಐ ಎಂಬ ಬಸ್ಸಿನ ನಿಯಮದಂತೆ ಉಪಕರಣಕ್ಕೆ ಹಲವು ವಿದ್ಯುತ್ ಸ್ಥಿತಿಗಳುಂಟು. ಡಿ-0 ಎಂಬುದು ಪೂರ್ಣ ಎಚ್ಚರ; ಡಿ-3 ಎಂಬುದು ಗಾಢನಿದ್ರೆ. ಈ ನಿದ್ರೆಯಿಂದ ಎಬ್ಬಿಸಿದ ಬಳಿಕ ಸಾಮಾನ್ಯವಾಗಿ 10 ಮಿಲಿಸೆಕೆಂಡು ಕಾದು ಮಾತನಾಡಿಸಬೇಕು. ವಿದ್ಯುತ್ತು ಪೂರ್ತಿ ಕಡಿದಿರುವಾಗ ಪ್ರಶ್ನಿಸಿದರೆ, ಎಲ್ಲ ಅಂಕಗಳೂ 1 ಆಗಿರುವ ಅರ್ಥಹೀನ ಉತ್ತರ ಬರುವುದು.

ಹಾಗಾದರೆ ಉಪಕರಣವನ್ನು ಮಲಗಿಸುವುದು ಯಾವಾಗ? 2009ರಲ್ಲಿ ಲಿನಕ್ಸ್ 2.6.32 ಆವೃತ್ತಿಯು ಇದಕ್ಕೊಂದು ಏರ್ಪಾಡನ್ನು ತಂದಿತು. ರಾಜೇಶ್ವರದಲ್ಲಿ ಒಂದು ವಾಚನಾಲಯವಿದೆಯೆಂದು ಊಹಿಸೋಣ. ಒಳಬರುವವರು ಪುಸ್ತಕದಲ್ಲಿ ಒಂದನ್ನು ಕೂಡುವರು, ಹೋಗುವವರು ಒಂದನ್ನು ಕಳೆಯುವರು. ಲೆಕ್ಕ ಸೊನ್ನೆಯಾದರೆ ದೀಪವನ್ನು ಆರಿಸಬಹುದು. ಡ್ರೈವರುಗಳೂ ಉಪಕರಣದ ಬಳಕೆಯನ್ನು ಹೀಗೆಯೇ ಎಣಿಸುತ್ತವೆ.

ತೊಡಕು ಇದ್ದುದು ಇಲ್ಲಿಯೇ. ಉಪಕರಣವನ್ನು ಎಬ್ಬಿಸುವ ಆಜ್ಞೆಯು ಮೊದಲು ಎಣಿಕೆಯನ್ನು ಏರಿಸಿ, ಆಮೇಲೆ ಎಬ್ಬಿಸಲು ಯತ್ನಿಸುತ್ತಿತ್ತು. ಯತ್ನ ವಿಫಲವಾದರೂ ಎಣಿಕೆ ಇಳಿಯುತ್ತಿರಲಿಲ್ಲ. ಬಾಗಿಲು ತೆರೆಯದೆ ಹಿಂದಿರುಗಿದವನ ಹೆಸರೂ ಪುಸ್ತಕದಲ್ಲಿ ಉಳಿದಂತಾಯಿತು! ಲೆಕ್ಕ ಸೊನ್ನೆಗೆ ಬಾರದು. ಮುಂದೆ ಎಚ್ಚೆತ್ತ ಉಪಕರಣ ಮತ್ತೆ ಮಲಗದು. ಈ ನಡವಳಿಕೆ ವಿವರಣೆಯಲ್ಲಿ ಬರೆದಿದ್ದರೂ ಅನೇಕ ಡ್ರೈವರುಗಳ ಕರ್ತೃಗಳು ಇದೇ ತಪ್ಪನ್ನು ಮಾಡಿದ್ದರು. 2020ರಲ್ಲಿ ಇಂತಹ ತಪ್ಪುಗಳನ್ನು ಒಂದೊಂದಾಗಿ ತಿದ್ದುವುದರ ಜೊತೆಗೆ ಹೊಸದೊಂದು ಆಜ್ಞೆಯನ್ನೂ ಸೇರಿಸಲಾಯಿತು. ಎಬ್ಬಿಸಲಾಗದಿದ್ದರೆ ಅದು ತಾನೇ ಎಣಿಕೆಯನ್ನು ಇಳಿಸುತ್ತದೆ.

ಉಪಕರಣ ಕಾಟ ಕೊಟ್ಟೊಡನೆ ಅದರ ನಿದ್ರೆಯನ್ನೇ ತಡೆದುಬಿಡುವ ಅಡ್ಡದಾರಿಯೊಂದುಂಟು. ಅದರಿಂದ ರೋಗ ಮರೆಯಾಗುವುದು, ಗುಣವಾಗುವುದಿಲ್ಲ, ವಿದ್ಯುತ್ತಂತೂ ವ್ಯರ್ಥವಾಗುವುದು. ತಪ್ಪಿದವರನ್ನು ಹಳಿದು ಸುಮ್ಮನಾಗುವುದೂ ಸಾಲದು. ಒಬ್ಬನು ಎಡವಿದರೆ ಅವನ ನಡಿಗೆಯನ್ನು ನೋಡಬೇಕು. ಹತ್ತಾರು ಮಂದಿ ಒಂದೇ ಕಡೆ ಎಡವಿದರೆ ದಾರಿಯ ಕಲ್ಲನ್ನು ಕೀಳಬೇಕು. ಪ್ರಯೋಗಶಾಲೆಯ ಉಪಕರಣಗಳಿಗೂ ಪರೀಕ್ಷೆಯ ಪ್ರಶ್ನೆಗಳಿಗೂ ಈ ಮಾತು ಸಲ್ಲುತ್ತದೆ.

ಲಿನಕ್ಸಿನ ಮೂಲಪಾಠ ಎಲ್ಲರಿಗೂ ತೆರೆದಿದೆ. ಬೆಂಗಳೂರಿನ ಎಂಜಿನಿಯರು ಓದುವ ಸಾಲುಗಳನ್ನೇ ರಾಜೇಶ್ವರದ ವಿದ್ಯಾರ್ಥಿಯೂ ಓದಬಲ್ಲನು, ಓದಬಲ್ಲಳು. ಎಣಿಕೆ ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂದು ಹುಡುಕಲು ಬೇಕಾದುದು ತಾಳ್ಮೆ ಮತ್ತು ಕೂಡು-ಕಳೆಯುವ ಲೆಕ್ಕ. ಆಸಕ್ತರು ಈ ಹುಡುಕಾಟಕ್ಕೆ ತೊಡಗಲಿ.