ಚಾವಡಿಗೆ ಬಂದ ಕಾಲೇಜು

ಒಬ್ಬ ಉಪಾಧ್ಯಾಯರನ್ನು ಕುರಿತು ಬರೆಯಹೊರಟವನು ಅವರ ಎದುರಿನ ಬೆಂಚಿನ ಮೇಲೆ ಒಂದು ದಿನವಾದರೂ ಕುಳಿತಿರಬೇಕೆಂದು ವಾಚಕರು ಬಯಸುವುದು ನ್ಯಾಯವೇ. ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಪ್ರಾಂಶುಪಾಲರಾಗಿದ್ದ ಕು. ಶಿ. ಹರಿದಾಸ ಭಟ್ಟರ ತರಗತಿಯಲ್ಲಿ ನಾನು ಕುಳಿತವನಲ್ಲ. ಇನ್ನಂಜೆಯಿಂದ ಉಡುಪಿಯು ದೂರದ ಊರೇನೂ ಅಲ್ಲ. ಆದರೆ ನಮ್ಮ ಮನೆಯ ಸ್ಥಿತಿಗೆ ಆ ಕಾಲದಲ್ಲಿ ಕಾಲೇಜೆಂಬುದು ಬಹು ದೂರವಾಗಿದ್ದಿತು. ಹೀಗಿದ್ದರೂ ಆ ಮಹನೀಯರ ಋಣವು ನಮ್ಮ ಮನೆಯ ಮೇಲುಂಟು. ಅದು ಹೇಗೆಂಬುದನ್ನು ಈ ತಿಂಗಳು ಹೇಳುವೆನು.

1980ರ ದಶಕದ ಆರಂಭದಲ್ಲಿ, ಬೇಸಗೆಯ ಒಂದು ಮುಂಜಾನೆ, ನಮ್ಮ ಅಜ್ಜಿಯು ಚಾವಡಿಯಲ್ಲಿ ಕುಳಿತು ಮಲ್ಲಿಗೆ ಕಟ್ಟುತ್ತಿದ್ದಳು. ಶಂಕರಪುರದ ಸುತ್ತಿನ ಮನೆಗಳಲ್ಲಿ ಇದು ನಿತ್ಯದ ಕೆಲಸ. ಬಾಳೆಯ ನಾರಿನಲ್ಲಿ ಮೊಗ್ಗುಗಳನ್ನು ಕಟ್ಟುತ್ತ ಹೋಗಬೇಕು. ನಾಲ್ಕು ಚೆಂಡು ಕೂಡಿದರೆ ಒಂದು ಅಟ್ಟೆ. ಹೂವು ಹೊತ್ತಿಗೆ ಮುಟ್ಟದಿದ್ದರೆ ಆ ದಿನದ ಬೆಲೆಯು ಹೋದಂತೆಯೇ. ಅಂತಹ ಅವಸರದ ವೇಳೆಯಲ್ಲಿ ಒಬ್ಬ ತರುಣನು ಅಂಗಳಕ್ಕೆ ಬಂದನು. ಹೆಗಲಲ್ಲಿ ಚೀಲ, ಕೈಯಲ್ಲಿ ಚೀಟಿಗಳ ಕಟ್ಟು. ಬೆಲ್ಲ ನೀರು ಕೊಟ್ಟು ಬಂದ ಕಾರ್ಯವೇನೆಂದು ಕೇಳಲಾಗಿ, ತುಳುವಿನ ಮಾತುಗಳನ್ನು ಬರೆದುಕೊಳ್ಳುವುದಕ್ಕಾಗಿ ಉಡುಪಿಯ ಕಾಲೇಜಿನಿಂದ ಬಂದಿರುವೆನೆಂದನು.

ಅಜ್ಜಿಗೆ ನಗು ತಡೆಯಲಾಗಲಿಲ್ಲ. “ಇದನ್ನು ಬರೆದುಕೊಂಡು ನಿನಗೇನು ಸಿಕ್ಕುತ್ತದೆ, ಮಗಾ? ಶಾಲೆಯಲ್ಲಿ ಆಡಿದರೆ ಪೆಟ್ಟು ಬೀಳುವ ಭಾಷೆ ಇದು” ಎಂದಳು.

ಅವನು ಮರುಮಾತಾಡದೆ ಗೋಡೆಗೆ ಒರಗಿಸಿದ್ದ ಗೊರಬೆಯನ್ನು ತೋರಿಸಿ, ಅದರ ಒಂದೊಂದು ಭಾಗಕ್ಕೂ ಏನೆನ್ನುತ್ತೀರೆಂದು ಕೇಳಿದನು. ಮಳೆಗಾಲದಲ್ಲಿ ನೇಜಿ ನೆಡುವ ಹೆಂಗಸರು ಬೆನ್ನಿಗೆ ಕವುಚಿಕೊಳ್ಳುವ ಓಲೆಯ ಹೊದಿಕೆಯದು. ಅಜ್ಜಿಯು ಹೇಳಿದಳು. ಅಲ್ಲಿಂದ ತಡ್ಪೆಗೆ, ಕುರ್ವೆಗೆ, ಮುಟ್ಟಾಳೆಗೆ ಮಾತು ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಅಜ್ಜಿಯ ಕೈಯ ನಾರು ನಿಂತಿತು. ಆ ದಿನ ನಮ್ಮ ಹೂವು ತಡವಾಗಿಯೇ ಹೋಯಿತೆಂದು ನನಗೆ ಚೆನ್ನಾಗಿ ನೆನಪಿದೆ. ಮಗುವಿಗೆ ಏನೆನ್ನುವಿರೆಂಬ ಪ್ರಶ್ನೆ ಬಂದಾಗ ಮಾತ್ರ ಒಂದು ಸಣ್ಣ ವ್ಯಾಜ್ಯ ಹುಟ್ಟಿತು. ನಮ್ಮ ಮನೆಯಲ್ಲಿ ‘ಬಾಲೆ’. ಹೂವಿನ ಲೆಕ್ಕಕ್ಕಾಗಿ ಅಲ್ಲಿಗೆ ಬಂದಿದ್ದ ಪಕ್ಕದ ಬ್ರಾಹ್ಮಣರ ಮನೆಯ ಅಮ್ಮನವರ ಬಾಯಲ್ಲಿ ‘ಬಾಳೆ’. ಅವರದೇ ಸರಿ, ನಮ್ಮದು ಒಕ್ಕಲು ಮಕ್ಕಳ ಒರಟು ಮಾತೆಂದು ಅಜ್ಜಿಯೇ ಸೋಲೊಪ್ಪಿಕೊಂಡುಬಿಟ್ಟಳು. ತರುಣನು ಎರಡನ್ನೂ ಬರೆದುಕೊಂಡನು. “ಎರಡೂ ಸರಿಯೇ ಅಜ್ಜೀ, ಎರಡೂ ಪುಸ್ತಕಕ್ಕೆ ಬೇಕು” ಎಂದನು.

ಅವನು ಹೋದ ಮೇಲೆ ಬಹಳ ಹೊತ್ತು ಅಜ್ಜಿಯು ಸುಮ್ಮನೆ ಕುಳಿತಿದ್ದಳು. ತನ್ನ ಬಾಯ ಮಾತಿಗೆ ಯಾರಾದರೂ ಲೇಖನಿ ಹಿಡಿದುದು ಅವಳ ಆಯುಷ್ಯದಲ್ಲಿ ಅದೇ ಮೊದಲು.

ಆ ತರುಣನು ನಮ್ಮ ಚಾವಡಿಯ ತನಕ ಬಂದುದರ ಹಿಂದೆ ಇದ್ದವರು ಹರಿದಾಸ ಭಟ್ಟರು. 1924ರಲ್ಲಿ ಹುಟ್ಟಿ 2000ದಲ್ಲಿ ತೀರಿಕೊಂಡ ಇವರು ಕಲಿಸುತ್ತಿದ್ದುದು ಅರ್ಥಶಾಸ್ತ್ರ. ಭಾಷಾಶಾಸ್ತ್ರಕ್ಕೂ ಅದಕ್ಕೂ ನೆಂಟಸ್ತಿಕೆಯೇನೆಂದು ಕೇಳುವವರಿರಬಹುದು. ಉಳಿತಾಯವೆಷ್ಟು, ಕಳೆದುದೆಷ್ಟೆಂದು ಲೆಕ್ಕವಿಡುವವನಿಗೇ ಈ ನಷ್ಟವು ಮೊದಲು ಕಂಡಿರಬೇಕೆಂದು ನನ್ನ ಊಹೆ. ಮಂಗಳೂರಿನಲ್ಲಿ ಬಾಸೆಲ್ ಮಿಷನಿನವರು ಮ್ಯಾನರ್ ಪಾದ್ರಿಗಳ ತುಳು ನಿಘಂಟನ್ನು ಅಚ್ಚುಹಾಕಿದುದು 1886ರಲ್ಲಿ. ಅನಂತರ ಸುಮಾರು ನೂರು ವರ್ಷ, ಅಜ್ಜಿಯರು ತಮ್ಮ ಮಾತುಗಳನ್ನು ತಮ್ಮೊಡನೆಯೇ ಕೊಂಡುಹೋಗುತ್ತಿದ್ದರು.

1963ರಲ್ಲಿ ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು ಕಾಲವಾದ ಬಳಿಕ ಅವರ ಗ್ರಂಥಭಂಡಾರವು ಉಡುಪಿಯ ಕಾಲೇಜಿಗೆ ಬಂದು, ಅವರ ಹೆಸರಿನ ಸಂಶೋಧನ ಕೇಂದ್ರವು ಅಲ್ಲಿ ಬೆಳೆಯಿತು. ಅದನ್ನು ಬೆಳೆಯಿಸಿದವರು ಭಟ್ಟರು. ಕವಿಯ ಪುಸ್ತಕಗಳನ್ನು ಕಪಾಟಿನಲ್ಲಿರಿಸಿ ಬೀಗ ಹಾಕಿ, ವರ್ಷಕ್ಕೊಮ್ಮೆ ಪಟಕ್ಕೆ ಹಾರ ಹಾಕಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ನಮ್ಮ ದೇಶದಲ್ಲಿ ಸ್ಮಾರಕಗಳ ಪಾಡು ಹೆಚ್ಚಾಗಿ ಅಷ್ಟೇ. ಇವರು ಹಾಗೆ ಮಾಡದೆ, ಆ ಕೇಂದ್ರದಲ್ಲಿಯೇ ತುಳು ನಿಘಂಟಿನ ಕಾರ್ಯಕ್ಕೆ ಕೈಹಚ್ಚಿದರು.

ಆ ಕಾರ್ಯಕ್ಕೆ ತಕ್ಕ ವಿದ್ವಾಂಸರು ದೊರೆತ ಬಗೆಯೂ ನಮ್ಮವರಿಗೆ ಹೆಮ್ಮೆಯ ಸಂಗತಿ. ಪ್ರಧಾನ ಸಂಪಾದಕರಾದ ಡಾಕ್ಟರ್ ಯು. ಪಿ. ಉಪಾಧ್ಯಾಯರು ನಮ್ಮ ನೆರೆಯ ಮಜೂರಿನವರು. ಆಫ್ರಿಕ ಖಂಡದ ಸೆನೆಗಲ್ ದೇಶದಲ್ಲಿ, ಡಾಕರ್ ವಿಶ್ವವಿದ್ಯಾಲಯದಲ್ಲಿ ಕೆಲಸಮಾಡಿ ಬಂದಿದ್ದವರು. ಕಡಲಾಚೆಯ ಭಾಷೆಗಳನ್ನು ಅಳೆದು ಬಂದ ಅವರೂ, ಅವರ ಪತ್ನಿ ಸುಶೀಲಾ ಉಪಾಧ್ಯಾಯರೂ ಹುಟ್ಟೂರ ಬದಿಯ ಮಾತನ್ನು ಹೆಕ್ಕುವುದಕ್ಕೆ ಕುಳಿತರು. ಮೊದಲನೆಯ ಸಂಪುಟವು 1988ರಲ್ಲಿಯೂ, ಆರನೆಯದು 1997ರಲ್ಲಿಯೂ ಹೊರಬಂದುವು. ಉಪಾಧ್ಯಾಯರು 2020ರಲ್ಲಿ ತೀರಿಕೊಂಡರು. ನಿಘಂಟಿನ ಕೀರ್ತಿಯು ಮೊದಲು ಅವರಿಗೂ ಅವರ ಸಂಗಡಿಗರಿಗೂ ಸಲ್ಲತಕ್ಕದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬಲ್ಲವರನ್ನು ಕರೆತಂದು, ಜಾಗ ಕೊಟ್ಟು, ಹಣಕ್ಕಾಗಿ ಬಾಗಿಲು ಬಾಗಿಲು ಅಲೆದು, ತಾನು ಬದಿಗೆ ಸರಿದು ನಿಲ್ಲಬಲ್ಲ ಪ್ರಾಂಶುಪಾಲರು ಎಷ್ಟು ಮಂದಿ?

ಯಕ್ಷಗಾನದ ವಿಷಯದಲ್ಲಿಯೂ ಇದೇ ರೀತಿ. ಶಿವರಾಮ ಕಾರಂತರ ನಿರ್ದೇಶನದಲ್ಲಿ ಯಕ್ಷಗಾನ ಕೇಂದ್ರವು 1971ರಲ್ಲಿ ಆ ಕಾಲೇಜಿನ ಆಶ್ರಯದಲ್ಲಿಯೇ ತೊಡಗಿತು. ಹಿರಿಯಡಕ ಗೋಪಾಲ ರಾಯರಂತಹ ಮದ್ದಳೆಗಾರರು ಅಲ್ಲಿ ಗುರುಗಳಾದರು. ರಾತ್ರಿಯಿಡೀ ಬಯಲಿನಲ್ಲಿ ದುಡಿದು ಬೆಳಗಾದರೆ ಯಾರೂ ಕೇಳದ ಕಲಾವಿದನನ್ನು ಹಗಲು ಹೊತ್ತಿನಲ್ಲಿ ‘ಗುರುಗಳೇ’ ಎಂದು ಕರೆದು ಕುಳ್ಳಿರಿಸಿದುದು ಸಣ್ಣ ಕೆಲಸವೆಂದು ನನಗೆ ತೋರುವುದಿಲ್ಲ. ಅಲ್ಲಿ ಕಲಿತವರು ಈಗ ಊರೂರುಗಳಲ್ಲಿ ಹೆಜ್ಜೆ ಕಲಿಸುತ್ತಿದ್ದಾರೆ.

ನಮ್ಮ ಅಜ್ಜಿಯು ನಿಘಂಟನ್ನು ನೋಡಲಿಲ್ಲ. ಮೊದಲ ಸಂಪುಟವು ಬರುವುದಕ್ಕೆ ಮುಂಚೆಯೇ ಹೋದಳು. ಆ ತರುಣನು ಬಂದ ದಿನದ ಬಳಿಕ ಮಾತ್ರ ಅವಳು ಯಾರೆದುರಿಗೂ ತನ್ನ ಮಾತು ಒರಟೆಂದು ಹೇಳಿಕೊಂಡುದನ್ನು ನಾನು ಕೇಳಿಲ್ಲ. ಎಷ್ಟೋ ವರ್ಷಗಳ ಮೇಲೆ ‘ಬ’ ಅಕ್ಷರವಿದ್ದ ಸಂಪುಟವು ನನ್ನ ಕೈಗೆ ಬಂದಾಗ ಆ ಪುಟವನ್ನೇ ಮೊದಲು ತೆಗೆದೆನು. ಬಾಲೆಯೂ ಬಾಳೆಯೂ ಒಂದೇ ಕಡೆ, ಒಂದರ ಪಕ್ಕದಲ್ಲೊಂದು ಇದ್ದುವು.

ಮುಂದಿನ ಹಾಳೆಗಳಲ್ಲಿ, ಈ ಕಾರ್ಯಕ್ಕಾಗಿ ದುಡಿದವರ ಹೆಸರುಗಳನ್ನು ಒಂದೊಂದಾಗಿ ಓದಿದೆನು. ಅವುಗಳಲ್ಲಿ ನಮ್ಮ ಚಾವಡಿಗೆ ಬಂದವನು ಯಾರೋ ಗೊತ್ತಾಗಲಿಲ್ಲ. ಆ ದಿನ ಬೆಲ್ಲ ನೀರು ಕೊಟ್ಟೆವೇ ಹೊರತು, ಅವನ ಹೆಸರನ್ನು ನಾವು ಯಾರೂ ಕೇಳಿಟ್ಟುಕೊಂಡಿರಲಿಲ್ಲ.