ಅಡುಗೆಯ ಬರಹಕ್ಕೆ ಒರೆಗಲ್ಲು ಯಾವುದು?

ವಿಜ್ಞಾನದ ಪತ್ರಿಕೆಯಲ್ಲಿ ಅಡುಗೆಯ ಮಾತೇಕೆಂದು ವಾಚಕರಲ್ಲಿ ಕೆಲವರಾದರೂ ಕೇಳಬಹುದು. ಒಲೆಯ ಮೇಲೆ ನಡೆಯುವುದೆಲ್ಲವೂ ಶಾಖದ ಹರಿವು, ಆವಿಯ ಒತ್ತಡ, ದ್ರಾವಣದ ಸಾಂದ್ರತೆ ಇವುಗಳ ಆಟವೇ ಆಗಿರುವುದರಿಂದ ಆ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟವೇನಲ್ಲ. ಆದರೆ ಇಲ್ಲಿ ನಾನು ವಿಚಾರಮಾಡಬೇಕೆಂದಿರುವುದು ಅಡುಗೆಗಿಂತ ಹೆಚ್ಚಾಗಿ ಅಡುಗೆಯ ಬರಹವನ್ನು. ಇಂತಿಂಥ ಪದಾರ್ಥವನ್ನು ಇಂತಿಷ್ಟು ತೆಗೆದುಕೊಂಡು ಹೀಗೆ ಹೀಗೆ ಮಾಡಿರಿ ಎಂದು ಒಬ್ಬರು ಬರೆದು ಇನ್ನೊಬ್ಬರು ಓದುವ ಪಾಕವಿಧಾನವು, ಕಾಲೇಜಿನ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಬರೆಯುವ ಪ್ರಯೋಗದ ವರದಿಗೆ ಒಡಹುಟ್ಟಿದ ಬರಹ. ವರದಿಯನ್ನು ತಿದ್ದುವಾಗ ನಾವು ಅಧ್ಯಾಪಕರು ಕೇಳುವ ಪ್ರಶ್ನೆ ಒಂದೇ: "ಇದನ್ನು ಓದಿದ ಬೇರೊಬ್ಬನು ನಿನ್ನ ನೆರವಿಲ್ಲದೆ ಈ ಪ್ರಯೋಗವನ್ನು ಮಾಡಿ ಇದೇ ಫಲವನ್ನು ಪಡೆಯಬಲ್ಲನೆ?" ಪಾಕವಿಧಾನದ ಗುಣಾವಗುಣಗಳನ್ನು ನಿರ್ಣಯಿಸುವುದಕ್ಕೂ ಇದಕ್ಕಿಂತ ಉತ್ತಮವಾದ ಒರೆಗಲ್ಲು ಬೇರೆ ಇಲ್ಲವೆಂಬುದು ನನ್ನ ಅಭಿಪ್ರಾಯ.

ಅಡುಗೆಯನ್ನು ಬರೆದಿಡಬೇಕೆಂಬ ಆಲೋಚನೆ ಕನ್ನಡಿಗರಿಗೆ ಹೊಸದಲ್ಲ. ಹನ್ನೊಂದನೆಯ ಶತಮಾನದ ಇಮ್ಮಡಿ ಚಾವುಂಡರಾಯನು ತನ್ನ 'ಲೋಕೋಪಕಾರ'ದಲ್ಲಿ ಪಾಕಕ್ಕೂ ಸ್ಥಳವಿತ್ತಿದ್ದಾನೆ. ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂಬ ಗ್ರಂಥವನ್ನೇ ಷಟ್ಪದಿಯಲ್ಲಿ ರಚಿಸಿದನು. ಪದ್ಯರೂಪದ ಪಾಕವು ಅಡುಗೆ ಬಲ್ಲವನ ನೆನಪಿಗೆ ಊರುಗೋಲಾಗುತ್ತದೆ. ಅವನ ಕೈಗೆ ಹದ ಮೊದಲೇ ತಿಳಿದಿರುತ್ತದೆ. ಇಂದಿನ ಓದುಗನ ಸ್ಥಿತಿ ಬೇರೆ. ಹಾಸನದ ಬಳಿಯ ಬೂವನಹಳ್ಳಿಯಂಥ ಊರಿನಿಂದ ಹೊರಟು ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಓದುತ್ತಿರುವ ಹುಡುಗನೋ ಹುಡುಗಿಯೋ ಮೊದಲ ಬಾರಿಗೆ ಸೌಟು ಹಿಡಿದು ನಿಂತಿರುವಾಗ, ಪಕ್ಕದಲ್ಲಿ ಅಮ್ಮನಿಲ್ಲ, ಇರುವುದು ಬರಹವೊಂದೇ. ಆ ಬರಹ ಅಮ್ಮನ ಕೆಲಸವನ್ನು ಮಾಡಬೇಕಾಗಿದೆ.

ನಮ್ಮಲ್ಲಿ ಬಳಕೆಯಲ್ಲಿರುವ ಪಾಕವಿಧಾನಗಳು ಈ ಕೆಲಸವನ್ನು ಎಷ್ಟರಮಟ್ಟಿಗೆ ಮಾಡುತ್ತಿವೆ? ರಾಗಿಮುದ್ದೆಯನ್ನೇ ತೆಗೆದುಕೊಳ್ಳೋಣ. "ನೀರು ಕುದಿಯುವಾಗ ಬೇಕಾದಷ್ಟು ಹಿಟ್ಟು ಹಾಕಿ, ಹದವಾಗಿ ಬೇಯಿಸಿ, ಗಂಟಿಲ್ಲದಂತೆ ತಿರುವಿ ಮುದ್ದೆ ಕಟ್ಟಿರಿ" ಎಂದು ಬರೆದರೆ ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಮುದ್ದೆ ಮಾಡಬಲ್ಲವರಿಗೆ ಇದು ಬೇಡ. ಮಾಡಲಾರದವರಿಗೆ ಇದರಿಂದ ಪ್ರಯೋಜನವಿಲ್ಲ. ಎಷ್ಟು ಬೇಕು, ಯಾವುದು ಹದ, ಗಂಟು ಏಕಾಗುತ್ತದೆ ಎಂಬ ಮೂರು ಪ್ರಶ್ನೆಗಳಿಗೂ ಇಲ್ಲಿ ಉತ್ತರವಿಲ್ಲ. ಒಳ್ಳೆಯ ಪಾಕವಿಧಾನವು ಈ ಮೂರಕ್ಕೂ ಉತ್ತರ ಹೇಳುತ್ತದೆ. ಅಂದರೆ ಅದರಲ್ಲಿ ಅಳತೆ, ಗುರುತು, ಕಾರಣ ಇವು ಮೂರೂ ಇರುತ್ತವೆ.

ಮೊದಲು ಅಳತೆಯ ವಿಚಾರ. ಹಿಂದೆ ನಮ್ಮಲ್ಲಿ ಪಾವು, ಸೇರುಗಳಿದ್ದವು. ಒಂದು ಸೀಮೆಯ ಸೇರು ಮತ್ತೊಂದು ಸೀಮೆಯ ಸೇರಿಗೆ ಸಮವಾಗಿರುತ್ತಿರಲಿಲ್ಲ. 1956ರ ಶಾಸನದ ಮೇರೆಗೆ 1958ರಿಂದ ಹಂತಹಂತವಾಗಿ ಮೆಟ್ರಿಕ್ ಪದ್ಧತಿ ಜಾರಿಗೆ ಬಂದು ಅಂಗಡಿಯ ತಕ್ಕಡಿ ಸರಿಹೋಯಿತು. ಅಡುಗೆಮನೆಯ ಅಳತೆ ಮಾತ್ರ ಇಂದಿಗೂ ಸರಿಹೋಗಿಲ್ಲ. ಪಾಕಪುಸ್ತಕಗಳಲ್ಲಿ ಬರುವ "ಕಪ್ಪು" ಅಮೆರಿಕದಲ್ಲಿ ಸುಮಾರು 237 ಮಿಲಿಲೀಟರ್, ಆಸ್ಟ್ರೇಲಿಯದಲ್ಲಿ 250, ಜಪಾನಿನಲ್ಲಿ 200. ಅಮೆರಿಕದ ಬಾಸ್ಟನ್ ನಗರದ ಅಡುಗೆಯ ಶಾಲೆಯಲ್ಲಿ ಕಲಿಸುತ್ತಿದ್ದ ಫ್ಯಾನಿ ಫಾರ್ಮರ್ ಎಂಬಾಕೆ 1896ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಚಮಚವನ್ನಾಗಲಿ ಬಟ್ಟಲನ್ನಾಗಲಿ ತುಂಬಿ ಮೇಲನ್ನು ಮಟ್ಟಸಮಾಡಿ ಅಳೆಯಬೇಕೆಂದು ಒತ್ತಿ ಹೇಳಿದಳು. ಮಾತು ಚಿಕ್ಕದು, ಪರಿಣಾಮ ದೊಡ್ಡದು. ರಾಶಿಯಾಗಿ ತುಂಬಿದ ಚಮಚಕ್ಕೂ ಮಟ್ಟಸವಾದ ಚಮಚಕ್ಕೂ ಇರುವ ಅಂತರವನ್ನು ಉಪ್ಪಿನಲ್ಲಿ ಪರೀಕ್ಷಿಸಿದರೆ ನಾಲಗೆಯೇ ಸಾಕ್ಷಿ ಹೇಳುತ್ತದೆ. ಹಿಟ್ಟಿನ ವಿಷಯವಂತೂ ಇನ್ನೂ ಸೂಕ್ಷ್ಮ. ಜರಡಿಯಾಡಿದ ರಾಗಿಹಿಟ್ಟನ್ನು ಲೋಟಕ್ಕೆ ಸುರಿದು ತೂಗಿರಿ. ಬಳಿಕ ಅದೇ ಲೋಟಕ್ಕೆ ಹಿಟ್ಟನ್ನು ಕುಟ್ಟಿ ಕುಟ್ಟಿ ತುಂಬಿ ತೂಗಿರಿ. ಗಾತ್ರ ಒಂದೇ ಆದರೂ ತೂಕ ಬೇರೆಯಾಗುವುದನ್ನು ನೀವೇ ಕಾಣುವಿರಿ. ಆದುದರಿಂದ ಹಿಟ್ಟು ಬೇಳೆಗಳಿಗೆ ಗ್ರಾಂ, ನೀರು ಹಾಲುಗಳಿಗೆ ಮಿಲಿಲೀಟರ್ ಬರೆಯುವುದೇ ಲೇಸು.

ಹಾಗೆಂದು ತಕ್ಕಡಿಯಿಲ್ಲದ ಮನೆಯಲ್ಲಿ ಅಡುಗೆಯೇ ಆಗದೆಂದು ತಿಳಿಯಬಾರದು. "ಒಂದು ಲೋಟ ಹಿಟ್ಟಿಗೆ ಸುಮಾರು ಎರಡು ಲೋಟ ನೀರು" ಎಂದು ಹಳ್ಳಿಯ ಮನೆಗಳಲ್ಲಿ ಹೇಳುವ ಮಾತು ಶುದ್ಧ ಗಣಿತ. ಲೋಟ ದೊಡ್ಡದಿರಲಿ, ಚಿಕ್ಕದಿರಲಿ, ಎರಡಕ್ಕೂ ಅದೇ ಲೋಟವಾದರೆ ಸಾಕು, ಪ್ರಮಾಣ ಕೆಡುವುದಿಲ್ಲ. ಆದರೆ ಎಲ್ಲವೂ ಈ ರೀತಿ ಪ್ರಮಾಣಬದ್ಧವಾಗಿ ಬೆಳೆಯುವುದಿಲ್ಲ ಎಂಬುದನ್ನು ಬರೆಯುವವರು ಮರೆಯುತ್ತಾರೆ. ನಾಲ್ವರ ಸಾರನ್ನು ನಲವತ್ತು ಮಂದಿಗೆ ಮಾಡುವಾಗ ಬೇಳೆಯೂ ಉಪ್ಪೂ ಹತ್ತು ಪಟ್ಟಾಗಬೇಕು; ಕುದಿ ಬಂದಮೇಲೆ ಬೇಯುವ ಕಾಲ ಹತ್ತು ಪಟ್ಟಾಗುವುದಿಲ್ಲ. ಆವಿಯಾಗಿ ಹೋಗುವ ನೀರು ಪಾತ್ರೆಯ ಬಾಯಿಯ ಅಗಲವನ್ನೂ ಉರಿಯನ್ನೂ ಅವಲಂಬಿಸಿರುತ್ತದೆಯೇ ಹೊರತು ಒಳಗಿರುವ ಸಾರಿನ ಮೊತ್ತವನ್ನಲ್ಲ. ಆದಕಾರಣ ಎಷ್ಟು ಮಂದಿಗೆ, ಎಂಥ ಪಾತ್ರೆಯಲ್ಲಿ ಎಂಬುದನ್ನು ಬರೆಯದ ಪಾಕವಿಧಾನ ಅಪೂರ್ಣವೆನ್ನಬೇಕು.

ಹೋಳಿನ ಗಾತ್ರವೂ ಇಂಥದೇ. ಹಾಸನ ಜಿಲ್ಲೆ ಆಲೂಗೆಡ್ಡೆಗೆ ಹೆಸರಾದುದು. ಇಡಿಯ ಗೆಡ್ಡೆ ಬೇಯಬೇಕಾದರೆ ಶಾಖ ಹೊರಗಿನಿಂದ ನಡುವಿನವರೆಗೆ ಸಾಗಬೇಕು. ಇದಕ್ಕೆ ಹಿಡಿಯುವ ಕಾಲ ಸ್ಥೂಲವಾಗಿ ಗೆಡ್ಡೆಯ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ. ಎಂದರೆ, ಎರಡರಷ್ಟು ದಪ್ಪದ ಗೆಡ್ಡೆ ಬೇಯಲು ಎರಡರಷ್ಟಲ್ಲ, ಸುಮಾರು ನಾಲ್ಕರಷ್ಟು ಹೊತ್ತು ಬೇಕು. "ಎರಡು ಆಲೂಗೆಡ್ಡೆ, ಹೆಚ್ಚಿದ್ದು" ಎಂದು ಬರೆದರೆ ಓದಿದವನಿಗೆ ಏನೂ ತಿಳಿಯದು. "2 ಸೆಂಟಿಮೀಟರ್ ಹೋಳು" ಎಂದರೆ ಕಾಲವನ್ನೂ ಹೇಳಿದಂತಾಯಿತು.

ಇಷ್ಟೆಲ್ಲ ಅಳೆದರೂ ಬರೆದವರ ಮನೆಯ ಒಲೆ ಓದುವವರ ಮನೆಯಲ್ಲಿರುವುದಿಲ್ಲ. ಬರೆದವರ ಊರಿನ ಗಾಳಿಯೂ ಇರುವುದಿಲ್ಲ. ಬೂವನಹಳ್ಳಿಯೂ ಸೇರಿದಂತೆ ಹಾಸನದ ಸುತ್ತಣ ಬಯಲು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಇಲ್ಲಿ ವಾಯುವಿನ ಒತ್ತಡ ಕಡಮೆಯಾದುದರಿಂದ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ. ಮಂಗಳೂರಿನ ಕಡಲ ತೀರದಲ್ಲಿ 100 ಡಿಗ್ರಿ. ಮೂರು ಡಿಗ್ರಿ ಕಡಮೆ ಶಾಖದ ನೀರಿನಲ್ಲಿ ಕಾಳು ಬೇಯುವುದು ತಡವಾಗುತ್ತದೆ. ಕರಾವಳಿಯವರು "40 ನಿಮಿಷ" ಎಂದು ಬರೆದುದನ್ನು ಹಾಸನದವರು ಗಡಿಯಾರ ನೋಡಿ ಪಾಲಿಸಿದರೆ ಅವರೆಕಾಳು ಅರೆಬೆಂದು ಉಳಿದೀತು. ಕೊಳವೆಬಾವಿಯ ಗಡಸು ನೀರಾದರಂತೂ ಅದರಲ್ಲಿರುವ ಕ್ಯಾಲ್ಸಿಯಂ ಕಾಳು ಮೆತ್ತಗಾಗದಂತೆ ತಡೆಯುತ್ತದೆ. ಇಡ್ಲಿಯ ಹಿಟ್ಟಿನದೂ ಇದೇ ಕಥೆ: ಕರಾವಳಿಯ ಸೆಕೆಯಲ್ಲಿ ಎಂಟು ಗಂಟೆಯಲ್ಲಿ ಉಬ್ಬುವ ಹಿಟ್ಟು, ಹಾಸನದ ಮಾಗಿಯ ಚಳಿಯಲ್ಲಿ ಬೆಳಗಾದರೂ ಕದಲದೆ ಕುಳಿತಿರಬಹುದು.

ಈ ತೊಡಕಿಗೆ ಪರಿಹಾರವನ್ನು ನಮ್ಮ ಅಜ್ಜಿಯರು ಎಂದೋ ಕಂಡುಕೊಂಡಿದ್ದರು. ಅದೇ ಗುರುತು. ಬೆಂದ ಮುದ್ದೆಯನ್ನು ಒದ್ದೆ ಬೆರಳಿನಿಂದ ಮುಟ್ಟಿದರೆ ಬೆರಳಿಗೆ ಅಂಟದು. ಕಾಳನ್ನು ಎರಡು ಬೆರಳುಗಳ ನಡುವೆ ಒತ್ತಿದರೆ ಹಿಸುಕಿಹೋಗಬೇಕು. ಇಡ್ಲಿಯ ಹಿಟ್ಟು ಇಮ್ಮಡಿಯಾಗಬೇಕು. ಸಕ್ಕರೆಯ ಎಳೆಪಾಕವು ಇದರ ಅತ್ಯುತ್ತಮ ಉದಾಹರಣೆ. ನೀರು ಆರಿ ಪಾಕ ಸಾಂದ್ರವಾದಂತೆ ಅದರ ಕುದಿಬಿಂದು ಏರುತ್ತಾ ಹೋಗುತ್ತದೆ. ಪಾಶ್ಚಾತ್ಯ ಪಾಕಪುಸ್ತಕಗಳು ಅದನ್ನು ಉಷ್ಣಮಾಪಕದಿಂದ ಅಳೆಯಹೇಳುತ್ತವೆ. ಆದರೆ ಕಡಲ ಮಟ್ಟಕ್ಕೆಂದು ಬರೆದ ಆ ಅಂಕಿಯಿಂದ ಹಾಸನದಲ್ಲಿ ಸುಮಾರು ಮೂರು ಡಿಗ್ರಿ ಕಳೆಯಬೇಕು. ಎರಡು ಬೆರಳುಗಳ ನಡುವೆ ಹಿಗ್ಗುವ ಎಳೆಯಾದರೋ ಪಾಕದ ಸಾಂದ್ರತೆಯನ್ನೇ ನೇರವಾಗಿ ತೋರಿಸುವುದರಿಂದ ಮಂಗಳೂರಿನಲ್ಲಿಯೂ ಹಾಸನದಲ್ಲಿಯೂ ಅದರ ಅರ್ಥ ಒಂದೇ. ಆರಂಭಕ್ಕೆ ಅಳತೆ ಬೇಕು, ಮುಕ್ತಾಯಕ್ಕೆ ಗುರುತು ಬೇಕು. ಒಂದನ್ನು ಕೊಟ್ಟು ಇನ್ನೊಂದನ್ನು ಬಿಟ್ಟ ಬರಹ ಒಂಟಿ ಎತ್ತಿನ ಬಂಡಿಯಂತೆ.

ಈ ದೃಷ್ಟಿಯಿಂದ ನೋಡಿದರೆ ಇಂದು ಎಲ್ಲೆಲ್ಲಿಯೂ ಬಳಕೆಯಾಗುತ್ತಿರುವ "ಮೂರು ಕೂಗು" ಎಂಬ ಕುಕ್ಕರಿನ ಲೆಕ್ಕ ಅಳತೆಯೂ ಅಲ್ಲ, ಗುರುತೂ ಅಲ್ಲ. ಡೆನಿಸ್ ಪ್ಯಾಪಿನ್ 1679ರಲ್ಲಿ ತೋರಿಸಿದ ಆವಿಯ ಪಾತ್ರೆಯಿಂದ ಹಿಡಿದು ಇಂದಿನ ಕುಕ್ಕರಿನವರೆಗೆ ತತ್ತ್ವ ಒಂದೇ: ಒತ್ತಡ ಏರಿದರೆ ಕುದಿಬಿಂದುವೂ ಏರಿ, ಒಳಗಿನ ನೀರು 120 ಡಿಗ್ರಿಯ ಆಸುಪಾಸಿಗೆ ತಲಪುತ್ತದೆ. ಕೂಗುವುದು ಹೆಚ್ಚಾದ ಆವಿಯನ್ನು ಹೊರಹಾಕುವುದಕ್ಕಾಗಿ ಮಾತ್ರ. ಉರಿ ದೊಡ್ಡದಾದರೆ ಐದು ನಿಮಿಷದಲ್ಲಿ ಮೂರು ಬಾರಿ ಕೂಗೀತು. ಸಣ್ಣದಾದರೆ ಕಾಲು ಗಂಟೆಯಾದರೂ ಕೂಗದೆ ಇದ್ದೀತು. ಆದರೂ ಬೇಳೆ ಬೆಂದಿರುತ್ತದೆ. "ಮೊದಲ ಕೂಗಿನ ಬಳಿಕ ಉರಿ ತಗ್ಗಿಸಿ ಇಷ್ಟು ನಿಮಿಷ" ಎಂದು ಬರೆಯುವುದು ಸರಿಯಾದ ಕ್ರಮ. ಇಂಧನವೂ ಇದರಿಂದ ಉಳಿಯುತ್ತದೆ. ಒಂದು ಲೀಟರ್ ನೀರನ್ನು 20 ಡಿಗ್ರಿಯಿಂದ ಕುದಿಗೆ ತರಲು ಬೇಕಾದ ಶಾಖದ ಆರು ಪಟ್ಟಿಗೂ ಹೆಚ್ಚು ಶಾಖ, ಅದೇ ನೀರನ್ನು ಆವಿಮಾಡಿ ಹಾರಿಸಿಬಿಡಲು ವ್ಯಯವಾಗುತ್ತದೆ. ಕುದಿಯುತ್ತಿರುವ ತೆರೆದ ಪಾತ್ರೆಯ ಕೆಳಗೆ ಉರಿ ಹೆಚ್ಚಿಸಿದರೆ ಸಾರು ಬೇಗ ಬೇಯುವುದಿಲ್ಲ. ಬೇಗ ಬತ್ತುತ್ತದೆ, ಅಷ್ಟೆ.

ಮೂರನೆಯದು ಕಾರಣ. ಪಾಕವಿಧಾನದಲ್ಲಿ ಶಾಸ್ತ್ರಪಾಠ ಏಕೆಂದು ಕೆಲವರು ಆಕ್ಷೇಪಿಸಬಹುದು. ಆದರೆ ಓದುವವರು ಬರಹವನ್ನು ಅಕ್ಷರಶಃ ಪಾಲಿಸುವುದು ಅಪರೂಪ; ಒಂದು ಪದಾರ್ಥ ಇರುವುದಿಲ್ಲ, ಒಂದು ಕ್ರಮ ಬೇಸರವೆನಿಸುತ್ತದೆ. ಯಾವುದನ್ನು ಬದಲಿಸಬಹುದು, ಯಾವುದನ್ನು ಬದಲಿಸಬಾರದು ಎಂಬುದು ಕಾರಣ ತಿಳಿದವರಿಗೆ ಮಾತ್ರ ಗೊತ್ತಾಗುತ್ತದೆ. ಮುದ್ದೆಗೆ ಮೊದಲು ಒಂದು ಹಿಡಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಹಾಕುವುದೇಕೆ? ಒಣಹಿಟ್ಟಿನ ಉಂಡೆಯೊಂದು ಕುದಿನೀರಿಗೆ ಬಿದ್ದೊಡನೆ ಅದರ ಹೊರಮೈಯ ಪಿಷ್ಟ ಉಬ್ಬಿ ಅಂಟಿನ ಪದರವಾಗಿ, ಒಳಕ್ಕೆ ನೀರು ಹೋಗದಂತೆ ಮುಚ್ಚಿಬಿಡುತ್ತದೆ, ಅದೇ ಗಂಟು. ತಣ್ಣೀರಿನಲ್ಲಿ ಪಿಷ್ಟದ ಕಣಗಳು ಉಬ್ಬದೆ ಬಿಡಿಬಿಡಿಯಾಗಿ ಉಳಿಯುತ್ತವೆ. ಬೇಳೆ ಬೆಂದ ಮೇಲೆಯೇ ಹುಣಿಸೆ ಹಾಕುವುದೇಕೆ? ಹುಳಿ ಇದ್ದಲ್ಲಿ ಕಾಳಿನ ಕೋಶಗಳನ್ನು ಹಿಡಿದಿರುವ ಪೆಕ್ಟಿನ್ ಸುಲಭವಾಗಿ ಕರಗುವುದಿಲ್ಲ. ಇಂಥ ಒಂದೊಂದು ವಾಕ್ಯ ಸೇರಿಸಿದರೆ ಬರಹ ಉದ್ದವಾಗುವುದಿಲ್ಲ. ಬದಲಾಗಿ ಓದಿದವರ ಬುದ್ಧಿಗೆ ಹಿಡಿತ ಸಿಗುತ್ತದೆ.

ಕೆಲವೆಡೆ ಕಾರಣವನ್ನು ಹೇಳದಿರುವುದು ಅಪಾಯಕ್ಕೂ ದಾರಿಯಾದೀತು. ರಾಜ್ಮಾ ಎಂದು ಅಂಗಡಿಗಳಲ್ಲಿ ದೊರೆಯುವ ಕೆಂಪು ಕಾಳಿನಲ್ಲಿ ಲೆಕ್ಟಿನ್ ಜಾತಿಯ ವಿಷವಸ್ತುವೊಂದಿದೆ. ಕಾಳನ್ನು ಚೆನ್ನಾಗಿ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಬಿಡದೆ ಕುದಿಸಿದರೆ ಅದು ನಾಶವಾಗುತ್ತದೆ. ಕುದಿಯ ಮಟ್ಟಕ್ಕೆ ಬಾರದ 80 ಡಿಗ್ರಿಯ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟರೂ ಆ ವಿಷ ಉಳಿದು ವಾಂತಿ ಭೇದಿಗಳನ್ನು ಉಂಟುಮಾಡಬಲ್ಲದು. "ಸಣ್ಣ ಉರಿಯಲ್ಲಿ ಮೆತ್ತಗಾಗುವವರೆಗೆ" ಎಂಬ ಸೂಚನೆ ಇಲ್ಲಿ ಸಾಲದು. ಉಪ್ಪಿನಕಾಯಿಯ ಉಪ್ಪೂ ಹಾಗೆಯೇ: ಸಾರಿನಲ್ಲಿ ಉಪ್ಪು ರುಚಿಗೆ, ಉಪ್ಪಿನಕಾಯಿಯಲ್ಲಿ ಅದು ಕೊಳೆಸುವ ಜೀವಾಣುಗಳಿಗೆ ಹಾಕಿದ ಬೇಲಿ. ಅಲ್ಲಿ "ರುಚಿಗೆ ತಕ್ಕಷ್ಟು" ಎಂದು ಬರೆಯುವುದು ಬೇಜವಾಬ್ದಾರಿ.

"ಇದೆಲ್ಲ ಬರೆದು ಬರುವುದೇ? ಅಡುಗೆಗೆ ಕೈಗುಣ ಬೇಕು" ಎನ್ನುವವರಿದ್ದಾರೆ. ಕೈಗುಣವನ್ನು ನಾನು ಅಲ್ಲಗಳೆಯುವುದಿಲ್ಲ. ಹಿಟ್ಟಿನ ಕೋಲು ತಿರುವುವಾಗ ಅಜ್ಜಿಯ ತೋಳಿಗೆ ತಿಳಿಯುವುದು ಹಿಟ್ಟಿನ ಸ್ನಿಗ್ಧತೆ. ಒಗ್ಗರಣೆಯ ಸದ್ದಿನಿಂದ ಆಕೆಯ ಕಿವಿಗೆ ತಿಳಿಯುವುದು ಎಣ್ಣೆಯ ಶಾಖ. ಅಳತೆಯಿಲ್ಲದೆ ಮಾಡುತ್ತಾಳೆಂದು ನಾವು ಹೇಳುವ ಆಕೆ ವಾಸ್ತವವಾಗಿ ಕ್ಷಣಕ್ಷಣವೂ ಅಳೆಯುತ್ತಲೇ ಇರುತ್ತಾಳೆ. ಆ ಅಳತೆಗಳನ್ನು ಯಾರೂ ಬರೆದುಕೊಂಡಿಲ್ಲವಷ್ಟೆ. ತೋಳಿನ ಅರಿವು ಪೂರ್ತಿಯಾಗಿ ಕಾಗದಕ್ಕೆ ಇಳಿಯದೆಂಬುದು ನಿಜ. ಆದರೆ ಮುಕ್ಕಾಲು ಪಾಲು ಇಳಿಯಬಹುದಾದಾಗ, ಉಳಿದ ಕಾಲು ಪಾಲನ್ನು ನೆಪಮಾಡಿ ಎಲ್ಲವನ್ನೂ ಕೈಬಿಡುವುದು ಸರಿಯಲ್ಲ. ಕೈಗುಣವೆಂದು ಹೊಗಳಿ ಸುಮ್ಮನಾಗುವ ನಾವು, ಅರುವತ್ತು ವರ್ಷಗಳ ಸೂಕ್ಷ್ಮ ವೀಕ್ಷಣೆಯೊಂದು ಆ ಮನೆಯ ಹಿರಿಯಳೊಡನೆಯೇ ಮುಗಿದುಹೋಗುವುದಕ್ಕೆ ಒಪ್ಪಿಗೆ ಕೊಟ್ಟಂತಾಗುತ್ತದೆ. ಉಪ್ಸಾರಿನ ಖಾರ, ಬಸ್ಸಾರಿಗೆ ಬಸಿಯುವ ಹದ, ಸೊಗಡಿನ ಅವರೆಯ ಹಿತುಕಿದ ಬೇಳೆ ಇವು ಮನೆಮನೆಗೂ ಬೇರೆ ಬೇರೆ. ಒಂದು ಮನೆಯದು ಹೋದರೆ ಮತ್ತೊಂದು ಮನೆಯಲ್ಲಿ ಸಿಗುವುದಿಲ್ಲ.

ಆದುದರಿಂದ ವಿದ್ಯಾರ್ಥಿಮಿತ್ರರಿಗೆ ನನ್ನದೊಂದು ಸೂಚನೆ. ಮುಂದಿನ ರಜೆಯಲ್ಲಿ ನಿಮ್ಮ ಮನೆಯ ಹಿರಿಯರು ಮಾಡುವ ಅಡುಗೆಯೊಂದನ್ನು ಆರಿಸಿಕೊಳ್ಳಿ. ಅವರು ಹಿಡಿಯಲ್ಲಿ ತೆಗೆದುಕೊಂಡ ಪದಾರ್ಥವನ್ನು ಪಾತ್ರೆಗೆ ಹಾಕುವ ಮುನ್ನ ಕೇಳಿ ಪಡೆದು ತೂಗಿರಿ. ಗಡಿಯಾರ ನೋಡಿ ಕಾಲವನ್ನು ಬರೆಯಿರಿ. "ಈಗ ಸಾಕು" ಎಂದಾಗ ಏನನ್ನು ಕಂಡು ಹಾಗೆಂದರೆಂದು ಕೇಳಿ ಅವರ ಮಾತಿನಲ್ಲಿಯೇ ಬರೆದುಕೊಳ್ಳಿ. ಆ ಬರಹವನ್ನು, ಆ ಅಡುಗೆಯನ್ನು ಎಂದೂ ಮಾಡಿರದ ಗೆಳೆಯನೊಬ್ಬನಿಗೆ ಕೊಟ್ಟು, ಬಾಯಿ ಬಿಡದೆ ಪಕ್ಕದಲ್ಲಿ ನಿಂತು ನೋಡಿರಿ. ಅವನು ಎಲ್ಲೆಲ್ಲಿ ತಡವರಿಸುವನೋ ಅಲ್ಲಲ್ಲಿ ನಿಮ್ಮ ಬರಹದಲ್ಲಿ ಕೊರತೆಯಿದೆ, ಅದನ್ನು ತಿದ್ದಿರಿ. ಹೀಗೆ ಎರಡು ಮೂರು ಬಾರಿ ಆದಮೇಲೆ ಅವನು ಮಾಡಿದ ಸಾರನ್ನು ಮನೆಯ ಹಿರಿಯರಿಗೇ ಬಡಿಸಿ, "ಇದು ನಮ್ಮ ಮನೆಯ ಸಾರು ಹೌದೆ?" ಎಂದು ಕೇಳಿರಿ. ಅವರು ಹೌದೆಂದರೆ ನಿಮ್ಮ ಬರಹ ಗೆದ್ದಿತು. ಅಲ್ಲವೆಂದರೆ ಏನು ಕಡಮೆಯೆಂದು ಕೇಳಿ, ಮತ್ತೊಂದು ಸಾಲು ಬರೆಯಿರಿ.