ಹಳ್ಳಿ ಕಿವಿಗೆ ಢಮ್ ಢಮ್ ಸಾಕು ಅಂದವರು ಯಾರು?

“ಹಳ್ಳಿ ಮಂದಿಗೆ ಢಮ್ ಢಮ್ ಬಂದ್ರ ಸಾಕ್ರೀ ಸರ್. ಕ್ಲಿಯರ್ ಗಿಲಿಯರ್ ಯಾರ್ ಕೇಳ್ತಾರ?”

ಹೋದ ತಿಂಗಳು ನಮ್ಮ ತಾಲ್ಲೂಕಿನ ಬಸ್ ನಿಲ್ದಾಣದ ಎದುರಿನ ಮೊಬೈಲ್ ಅಂಗಡಿಯಲ್ಲಿ ಕೇಳಿದ ಮಾತಿದು. ಹೇಳಿದ ಹುಡುಗನಿಗೆ ಇಪ್ಪತ್ತು ವರ್ಷ ಇದ್ದೀತು, ಅವನೂ ಹಳ್ಳಿಯವನೇ. ಅವನ ಮೇಲೆ ನನಗೆ ಸಿಟ್ಟಿಲ್ಲ. ಮಾಲು ಕಳಿಸುವವರು ಹೇಳಿಕೊಟ್ಟದ್ದನ್ನು ಅವನು ಒಪ್ಪಿಸುತ್ತಾನೆ. ಆದರೆ ಆ ಮಾತಿಗೆ ನಾನು ದಂಡ ಕಟ್ಟಿದ್ದೇನೆ. ಅದಕ್ಕೇ ಈ ಬರಹ.

ದಂಡದ ಕತೆ ಮೊದಲು ಹೇಳಿಬಿಡುತ್ತೇನೆ. ಕಳೆದ ಮಳೆಗಾಲದಲ್ಲಿ ಒಂದು ಗ್ರಾಮಸಭೆಗೆ ಹೋಗಿದ್ದೆ. ಮಳೆಗೆ ಬಿದ್ದ ಮನೆಗಳ ಲೆಕ್ಕ ಬಂತು, ಗದ್ದಲ ಆಯಿತು, ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ರಾತ್ರಿ ಬಸ್ಸಿನಲ್ಲಿ ಕೂತು ಇದೇ ಅಂಗಡಿಯಲ್ಲಿ ಕೊಂಡಿದ್ದ ‘ಎಕ್ಸ್‌ಟ್ರಾ ಬೇಸ್’ ನೆಕ್‌ಬ್ಯಾಂಡ್ ಹಾಕಿಕೊಂಡು ಕೇಳಿದೆ, ಸುದ್ದಿ ಬರೆದು ಕಳಿಸಿದೆ. ಸದಸ್ಯರು ಹೇಳಿದ್ದು ‘ಎಪ್ಪತ್ತು ಮನಿ’. ನಾನು ಬರೆದದ್ದು ಇಪ್ಪತ್ತು. ಬೆಳಗ್ಗೆ ಪತ್ರಿಕೆ ಬಂದ ಒಂದು ತಾಸಿಗೆ ಆ ಊರಿನ ಹಿರಿಯರೊಬ್ಬರು ಫೋನ್ ಮಾಡಿದರು. ಬೈಯಲಿಲ್ಲ. “ತಮ್ಮಾ, ನಮ್ಮ ಐವತ್ತು ಮನಿ ಎಲ್ಲಿ ಒಯ್ದಿಟ್ಟಿ?” ಅಂದರು. ಬೈದಿದ್ದರೆ ಚೆನ್ನಾಗಿತ್ತು.

ತಪ್ಪು ನನ್ನದೇ. ಪಂಚಾಯಿತಿಗೆ ಫೋನ್ ಮಾಡಿ ಅಂಕಿ ಖಚಿತ ಮಾಡಿಕೊಳ್ಳಬೇಕಿತ್ತು. ಆದರೂ ಅದೇ ರೆಕಾರ್ಡಿಂಗನ್ನು ನನ್ನ ಹಳೆಯ ಕೀಪ್ಯಾಡ್ ಫೋನಿನ ಜೊತೆ ಬಂದಿದ್ದ ತಂತಿಯ ಹ್ಯಾಂಡ್ಸ್‌ಫ್ರೀಯಲ್ಲಿ ಕೇಳಿದೆ. ‘ಎ’ ಅಕ್ಷರ ಎದ್ದು ಕೂತಿತ್ತು. ನೆಕ್‌ಬ್ಯಾಂಡಿನಲ್ಲಿ ಅದೇ ಜಾಗದಲ್ಲಿ ಸಭಾಭವನದ ಫ್ಯಾನು, ಹೊರಗಿನ ಟ್ರ್ಯಾಕ್ಟರು, ಎರಡೂ ಸೇರಿ ಗುಂಯ್ ಅನ್ನುತ್ತಿದ್ದವು. ದಪ್ಪ ಸದ್ದು ಜೋರಾದರೆ ಅದರ ಮೇಲಿನ ಸಣ್ಣ ಸದ್ದನ್ನು ಮುಚ್ಚುತ್ತದೆ, ಕಿವಿಯ ರಚನೆಯೇ ಹಾಗಿದೆ. ಮಾತಿನ ಅಕ್ಷರಗಳನ್ನು ಬೇರೆಬೇರೆಯಾಗಿ ತೋರಿಸುವುದು ಆ ಮೇಲಿನ ಸದ್ದುಗಳೇ. ಬೇಸ್ ಹೆಚ್ಚಿಸಿ ಮಾರುವವರು ನಮ್ಮಿಂದ ಕಿತ್ತುಕೊಳ್ಳುವುದು ಅದನ್ನೇ.

ಹಳ್ಳಿಯವರಿಗೆ ಸ್ಪಷ್ಟತೆ ಬೇಡವಂತೆ! ಇದನ್ನು ಗದಗ ಜಿಲ್ಲೆಯಲ್ಲಿ ನಿಂತು ಹೇಳುತ್ತಾರಲ್ಲ, ಏನೆನ್ನಬೇಕು? ಭೀಮಸೇನ ಜೋಶಿ ಹುಟ್ಟಿದ್ದು ಇದೇ ಜಿಲ್ಲೆಯ ರೋಣದಲ್ಲಿ. ಸವಾಯಿ ಗಂಧರ್ವರದು ಪಕ್ಕದ ಕುಂದಗೋಳ. ಮಲ್ಲಿಕಾರ್ಜುನ ಮನ್ಸೂರರ ಹೆಸರಿನಲ್ಲೇ ಧಾರವಾಡದ ಬದಿಯ ಹಳ್ಳಿ ಇದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ನೂರಾರು ಮಕ್ಕಳಿಗೆ ಕಿವಿಯಿಂದಲೇ ಜಗತ್ತು ತೋರಿಸಿದರು. ನಮ್ಮ ಓಣಿಯ ಭಜನೆಯಲ್ಲಿ ತಾಳ ಅರ್ಧ ಮಾತ್ರೆ ತಪ್ಪಿದರೆ ಮೂಲೆಯಲ್ಲಿ ಕೂತ ಅಜ್ಜ ಕೆಮ್ಮುತ್ತಾನೆ. ಇಂಥ ಕಿವಿಗಳಿಗೆ ‘ಢಮ್ ಢಮ್ ಸಾಕು’ ಎಂದು ತೀರ್ಮಾನಿಸಿದವರು ಎಲ್ಲಿ ಕೂತಿದ್ದಾರೋ.

ಅವರ ವ್ಯಾಪಾರದ ಗುಟ್ಟು ಸರಳ. ಒಳ್ಳೆಯ ಸದ್ದು ಒಂದು ಡಬ್ಬಿಯಲ್ಲಿರುತ್ತದೆ, ದುಡ್ಡು ಕೊಟ್ಟು ಡಬ್ಬಿ ಕೊಂಡರಾಯಿತು ಎಂದು ನಂಬಿಸುವುದು. ಹಾಗಲ್ಲ. ಹಾಡಿನ ಫೈಲು, ಅದನ್ನು ನುಡಿಸುವ ಯಂತ್ರ, ಇಯರ್‌ಫೋನು, ನಿಮ್ಮ ಕಿವಿ, ಈ ನಾಲ್ಕೂ ಒಂದಕ್ಕೊಂದು ಹೊಂದಬೇಕು. ಎತ್ತಿನ ಜೋಡಿಯ ಹಾಗೆ. ಒಂದು ಹೋರಿ ಲಕ್ಷದ್ದು, ಇನ್ನೊಂದು ಕುಂಟು ಅಂದರೆ ಗಳೆ ಸಾಗೀತೇ?

ಹಿಂದೆ ಜೋಡಿ ಮಾಡುವ ಕೆಲಸ ಕಂಪನಿಯದೇ ಆಗಿತ್ತು. 1979ರಲ್ಲಿ ಜಪಾನಿನ ಸೋನಿ ಮೊದಲ ವಾಕ್‌ಮನ್ ಬಿಟ್ಟಾಗ ಅದರ ಜೊತೆಗೇ ಹಗುರ ಹೆಡ್‌ಫೋನ್ ಕೊಟ್ಟಿತ್ತು. ಇಬ್ಬರು ಕೂಡಿ ಕೇಳಲೆಂದು ಎರಡು ಪಿನ್ ತೂತು ಬೇರೆ. 2001ರ ಐಪಾಡ್ ಬಂದದ್ದೂ ಇಯರ್‌ಫೋನ್ ಸಮೇತವೇ. ಮುಂದೆ 2016ರಲ್ಲಿ ಆಪಲ್ ತನ್ನ ಐಫೋನ್ 7ರಲ್ಲಿ 3.5 ಮಿಲಿಮೀಟರಿನ ಆ ತೂತನ್ನೇ ಮುಚ್ಚಿತು, ಅದಕ್ಕೆ ‘ಧೈರ್ಯ’ ಎಂದು ವೇದಿಕೆಯ ಮೇಲೆ ಹೆಸರನ್ನೂ ಇಟ್ಟಿತು. ಉಳಿದ ಕಂಪನಿಗಳು ಮೊದಲು ನಕ್ಕು, ಆಮೇಲೆ ತಾವೂ ಮುಚ್ಚಿದವು. ಈಗ ಬಹಳಷ್ಟು ಫೋನುಗಳ ಡಬ್ಬಿಯಲ್ಲಿ ಇಯರ್‌ಫೋನ್ ಇಲ್ಲ, ಕೆಲವದರಲ್ಲಿ ಚಾರ್ಜರೂ ಇಲ್ಲ. ಧೈರ್ಯ ಅವರದು, ಖರ್ಚು ನಮ್ಮದು.

ತೂತು ಮುಚ್ಚಿದ್ದರಿಂದ ನಮಗೆ ಆದ ನಷ್ಟ ಪೇಟೆಯವರಿಗೆ ಬೇಗ ತಿಳಿಯುವುದಿಲ್ಲ. ಫೋನಿನ ಎಫ್‌ಎಂ ರೇಡಿಯೋಕ್ಕೆ ಇಯರ್‌ಫೋನಿನ ತಂತಿಯೇ ಆಂಟೆನಾ. ತಂತಿ ಇಲ್ಲ ಅಂದರೆ ಸ್ಟೇಷನ್ ಸಿಗುವುದಿಲ್ಲ. ನೆಟ್‌ವರ್ಕ್ ಸತ್ತ ಹೊಲದಲ್ಲಿ ಡೇಟಾ ಖರ್ಚಿಲ್ಲದೆ ಹವಾಮಾನವನ್ನೂ ಹಾಡನ್ನೂ ಕೇಳಿಸುವುದು ಅದೊಂದೇ. 2023ರ ಏಪ್ರಿಲ್‌ನಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವೇ ಫೋನುಗಳಲ್ಲಿ ಎಫ್‌ಎಂ ಬಂದ್ ಮಾಡಬೇಡಿ ಎಂದು ಕಂಪನಿಗಳಿಗೆ ಸಲಹೆ ಕೊಡಬೇಕಾಯಿತು. ಸಲಹೆ ಅಷ್ಟೇ, ಆದೇಶವಲ್ಲ.

ಈಗ ಜೋಡಿಯ ವಿಷಯ. ನಾನು ಇಂಜಿನಿಯರ್ ಅಲ್ಲ, ಡಿಪ್ಲೊಮಾ ಮಾಡಿದ್ದು ಪತ್ರಿಕೋದ್ಯಮದಲ್ಲಿ. ಆದರೆ ಮೂರು ಇಯರ್‌ಫೋನಿಗೆ ದುಡ್ಡು ಸುರಿದ ಮೇಲೆ ಓದಿದ್ದೇನೆ, ಕೇಳಿ ನೋಡಿದ್ದೇನೆ.

ಡಬ್ಬಿಯ ಮೇಲೆ 20 ಹರ್ಟ್ಸ್‌ನಿಂದ 20,000 ಹರ್ಟ್ಸ್ ಎಂದು ಬರೆದಿರುತ್ತದೆ. ಅದನ್ನು ನೋಡಲೇಬೇಡಿ. ₹99ರದ್ದಕ್ಕೂ ಅದೇ, ₹9,000ದ್ದಕ್ಕೂ ಅದೇ. ಅಷ್ಟರ ನಡುವೆ ಯಾವ ಸದ್ದು ಎಷ್ಟು ಏರಿದೆ, ಎಷ್ಟು ಇಳಿದಿದೆ ಎಂದು ಹೇಳದಿದ್ದರೆ ಆ ಅಂಕಿಗೆ ಬೆಲೆಯಿಲ್ಲ. ಒಳಗಿನ ಸ್ಪೀಕರ್ 10 ಎಂಎಂ, 13 ಎಂಎಂ ಅನ್ನುವುದೂ ಹಾಗೆಯೇ. ದೊಡ್ಡ ಬಾಯಿ ಇದ್ದವರೆಲ್ಲ ಒಳ್ಳೆಯ ಹಾಡುಗಾರರಾಗಿದ್ದರೆ ನಮ್ಮ ಊರಿನ ರಾಜಕಾರಣಿಗಳೆಲ್ಲ ಗವಾಯಿಗಳಾಗಬೇಕಿತ್ತು.

ನೋಡಬೇಕಾದದ್ದು ಓಮ್ ಎಂಬ ಅಂಕಿ. ಪಂಪ್‌ಸೆಟ್ ಇದ್ದವರಿಗೆ ಇದು ಬೇಗ ತಿಳಿಯುತ್ತದೆ. ಬೋರಿನ ಆಳಕ್ಕೆ ತಕ್ಕ ಮೋಟಾರ್ ಇಲ್ಲದಿದ್ದರೆ ನೀರು ಮೇಲೆ ಬರುವುದಿಲ್ಲ, ಅಲ್ಲವೇ? ಫೋನು, ಕೀಪ್ಯಾಡ್ ಸೆಟ್ಟು, ಜೇಬಿನ ಸಣ್ಣ ಪ್ಲೇಯರು, ಇವೆಲ್ಲ ಸಣ್ಣ ಮೋಟಾರುಗಳು. ಇವಕ್ಕೆ 16 ಇಲ್ಲವೇ 32 ಓಮ್‌ನ ಇಯರ್‌ಫೋನ್ ಸರಿ. ಸ್ಟುಡಿಯೋದವರು ಬಳಸುವ 250, 300 ಓಮ್‌ನ ಹೆಡ್‌ಫೋನನ್ನು ಯೂಟ್ಯೂಬಿನಲ್ಲಿ ಹೊಗಳಿದರೆಂದು ತರಿಸಿ ಫೋನಿಗೆ ಸಿಕ್ಕಿಸಿದರೆ ಸದ್ದು ತಳದಲ್ಲೇ ಉಳಿಯುತ್ತದೆ. ಆ ಹೆಡ್‌ಫೋನ್ ಕೆಟ್ಟದ್ದಲ್ಲ, ಜೋಡಿ ತಪ್ಪು. ಉಲ್ಟಾ ತಪ್ಪೂ ಇದೆ. ಸಣ್ಣ ಕರೆಂಟಿಗೇ ಜೋರಾಗಿ ಕೂಗುವ ಸೂಕ್ಷ್ಮ ಇಯರ್‌ಫೋನನ್ನು ಅಗ್ಗದ ಪ್ಲೇಯರಿಗೆ ಹಾಕಿದರೆ ಹಾಡಿನ ಹಿಂದೆ ಸುಯ್ ಎಂಬ ಸದ್ದು ಸದಾ ಇರುತ್ತದೆ. ಇಯರ್‌ಫೋನ್ ಬದಲಿಸುವ ಮುನ್ನ ಅದನ್ನೇ ಬೇರೆ ಫೋನಿಗೆ ಹಾಕಿ ಕೇಳಿ. ಅಲ್ಲಿ ಸುಯ್ ಹೋದರೆ ತಪ್ಪು ಯಾರದೆಂದು ತಿಳಿಯಿತು.

ಇನ್ನೊಂದು ತಮಾಷೆ. ಮೈಕ್ ಇರುವ ಇಯರ್‌ಫೋನನ್ನು ಕೆಲವು ಹಳೆಯ ಸೆಟ್ಟಿಗೆ ಹಾಕಿದರೆ ಹಾಡುಗಾರ ಮಾಯವಾಗುತ್ತಾನೆ. ವಾದ್ಯಗಳು ದೂರದ ಬಾವಿಯೊಳಗಿಂದ ಕೇಳಿಸುತ್ತವೆ. ಮೈಕಿನ ಗುಂಡಿ ಒತ್ತಿ ಹಿಡಿದರೆ ಹಾಡುಗಾರ ವಾಪಸ್ ಬರುತ್ತಾನೆ. ನಮ್ಮ ಅತ್ತೆಯ ಮಗ ಹೀಗೆ ಗುಂಡಿ ಒತ್ತಿಕೊಂಡೇ ಒಂದು ವಾರ ಹಾಡು ಕೇಳಿದ, ಆಮೇಲೆ ‘ಕೆಟ್ಟಿದೆ’ ಎಂದು ತಿಪ್ಪೆಗೆ ಎಸೆದ. ಕೆಟ್ಟಿರಲಿಲ್ಲ. ಪಿನ್ನಿನ ಮೇಲೆ ಕಪ್ಪು ಗೆರೆಗಳ ನಡುವೆ ನಾಲ್ಕು ಭಾಗಗಳಿರುತ್ತವೆ, ಅವುಗಳಲ್ಲಿ ಮೈಕ್ ಮತ್ತು ಅರ್ತ್ ಇರುವ ಜಾಗ ಹಳೆಯ ಪದ್ಧತಿಯಲ್ಲಿ ಒಂದು, ಹೊಸದರಲ್ಲಿ ಇನ್ನೊಂದು. ಅರ್ತ್ ಸಿಗದಿದ್ದಾಗ ಎರಡೂ ಕಿವಿಗೆ ಸಮನಾಗಿ ಬರುವ ದನಿಯೇ ಅಳಿಸಿಹೋಗುತ್ತದೆ, ಹಾಡುಗಾರನ ದನಿ ಸಾಮಾನ್ಯವಾಗಿ ಅದೇ ಆಗಿರುತ್ತದೆ. ಅಂಗಡಿಯಲ್ಲೇ ನಿಮ್ಮ ಸೆಟ್ಟಿಗೆ ಹಾಕಿ ಕೇಳಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಪ್ಲಾಸ್ಟಿಕ್ ಕವರಿನಿಂದಾಗಿ ಪಿನ್ ಪೂರ್ತಿ ಒಳಗೆ ಹೋಗದಿದ್ದರೂ ಹೀಗಾಗುತ್ತದೆ. ಟೈಪ್-ಸಿ ಕನ್ವರ್ಟರಿನದೂ ಅದೇ ಪಾಡು. ಕೆಲವು ಫೋನು ತಾವೇ ಸದ್ದು ತಯಾರಿಸಿ ಹೊರಗೆ ಬಿಡುತ್ತವೆ, ಕೆಲವಕ್ಕೆ ಕನ್ವರ್ಟರಿನೊಳಗೇ ಆ ಕೆಲಸ ಮಾಡುವ ಚಿಪ್ ಬೇಕು. ಗೆಳೆಯನ ಫೋನಿಗೆ ನಡೆದದ್ದು ನಿಮ್ಮದಕ್ಕೆ ನಡೆಯದಿರಬಹುದು.

ಇಷ್ಟಾದರೂ ಎಲ್ಲಕ್ಕಿಂತ ದೊಡ್ಡ ಮೋಸ ನಡೆಯುವುದು ಒಂದು ತುಂಡು ರಬ್ಬರಿನಲ್ಲಿ. ಕಿವಿಯೊಳಗೆ ಹಾಕುವ ಇಯರ್‌ಫೋನಿನ ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ಅಳತೆಯ ರಬ್ಬರ್ ಬುಗುಟು ಇರುತ್ತವೆ. ನಡುವಿನದನ್ನು ಹಾಕಿಯೇ ಕೊಟ್ಟಿರುತ್ತಾರೆ. ಉಳಿದೆರಡನ್ನು ನಾವು ಡಬ್ಬಿಯ ಜೊತೆಗೇ ಎಸೆಯುತ್ತೇವೆ. ರಬ್ಬರ್ ಕಿವಿಗೆ ಸರಿಯಾಗಿ ಕೂರದಿದ್ದರೆ ಬೇಸ್ ಸಂದಿಯಿಂದ ಸೋರಿಹೋಗುತ್ತದೆ. ಆಗ ನಾವು ‘ಇದರಲ್ಲಿ ಬೇಸ್ ಇಲ್ಲ’ ಎಂದು ಬೈದು ಎಕ್ಸ್‌ಟ್ರಾ ಬೇಸಿನದನ್ನು ಕೊಳ್ಳುತ್ತೇವೆ. ಅಂದರೆ ಸೋರುವ ಕೊಡಕ್ಕೆ ದೊಡ್ಡ ನಳ ಹಾಕಿಸಿದ ಹಾಗೆ. ಈಗಲೇ ನೋಡಿ: ಹಾಡು ಹಚ್ಚಿ, ಇಯರ್‌ಫೋನನ್ನು ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿ. ಒತ್ತಿದಾಗ ತಬಲಾದ ಡಗ್ಗಾ ತುಂಬಿಕೊಂಡು ಬಂದರೆ ನಿಮ್ಮ ರಬ್ಬರ್ ಅಳತೆ ತಪ್ಪಿದೆ. ಎರಡೂ ಕಿವಿಗೆ ಒಂದೇ ಅಳತೆ ಇರಬೇಕೆಂದೂ ಇಲ್ಲ. ನನ್ನ ಎಡಗಿವಿಗೆ ದೊಡ್ಡದು, ಬಲಕ್ಕೆ ನಡುವಿನದು.

ರಬ್ಬರ್ ಸರಿ ಕೂತರೆ ಇನ್ನೊಂದು ಲಾಭ. ಬಸ್ಸಿನ ಗದ್ದಲ ಹೊರಗುಳಿಯುತ್ತದೆ, ವಾಲ್ಯೂಮ್ ಇಳಿಸಬಹುದು. 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ತಾಸು ಕೇಳಬಹುದು, 90 ಆದರೆ 4 ತಾಸು ಮಾತ್ರ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹತ್ತು ಏರಿದರೆ ಹತ್ತನೆಯ ಒಂದು ಭಾಗದ ಅವಧಿ. ಗದ್ದಲದ ಬಸ್ಸಿನಲ್ಲಿ ವಾಲ್ಯೂಮ್ ಕಡ್ಡಿಯನ್ನು ಕೊನೆಗೆ ಮುಟ್ಟಿಸಿ ಕಾಲೇಜಿಗೆ ಹೋಗುವ ನಮ್ಮ ಮಕ್ಕಳಿಗೆ ಇದನ್ನು ಮಾರುವ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಹೋದ ಶ್ರವಣಶಕ್ತಿ ಮತ್ತೆ ಬರುವುದಿಲ್ಲ.

ಫೈಲಿನ ವಿಷಯ ಬೇಗ ಮುಗಿಸುತ್ತೇನೆ. ಚಿಪ್ಪಿಗೆ ಹಾಡು ಹಾಕಿಸುವಾಗ ‘320 ಹಾಕ್ರಿ’ ಎಂದು ಕೇಳುವ ಹುಡುಗರಿದ್ದಾರೆ. 128ರ ಹಾಡು ನಿಮಿಷಕ್ಕೆ ಸುಮಾರು 1 ಎಂಬಿ, 320ರದ್ದು ಸುಮಾರು 2.4. ಯೂಟ್ಯೂಬಿನಿಂದ ಎಳೆದ ಹಾಡನ್ನು ಯಾವುದೋ ಕನ್ವರ್ಟರಿನಲ್ಲಿ 320 ಮಾಡಿದರೆ ಚಿಪ್ಪು ತುಂಬುತ್ತದೆಯೇ ಹೊರತು ಸದ್ದು ಸುಧಾರಿಸುವುದಿಲ್ಲ. ನೀರು ಬೆರೆಸಿದ ಮಜ್ಜಿಗೆಯನ್ನು ದೊಡ್ಡ ಗಡಿಗೆಗೆ ಸುರಿದರೆ ಮೊಸರಾಗುತ್ತದೆಯೇ? ಇನ್ನು ‘ಬೇಸ್ ಬೂಸ್ಟೆಡ್’, ‘ಡಿಜೆ ಮಿಕ್ಸ್’ ಮಾಡಿದ ರಾಜ್‌ಕುಮಾರ್ ಹಾಡುಗಳ ಬಗ್ಗೆ ಬರೆದರೆ ನನ್ನ ಬಾಯಿ ಕೆಡುತ್ತದೆ. ಸಿ. ಅಶ್ವತ್ಥ್ ಹಾಡಿದ ಶರೀಫರ ಪದಕ್ಕೂ ಕೆಳಗೊಂದು ಢಮ್ ಸೇರಿಸಿದವರಿದ್ದಾರೆ. ಶರೀಫರ ಪದದಲ್ಲಿ ಮಾತು ಕೇಳಿಸದಿದ್ದರೆ ಉಳಿಯುವುದೇನು?

“ತಂತಿ ಯಾಕ್ರೀ, ಕಾಲ ಎಲ್ಲಿಗೆ ಬಂತು?” ಎಂದು ಕೇಳುವವರಿಗೆ ಒಂದು ಮಾತು. ಬ್ಲೂಟೂತ್ ಶತ್ರುವಲ್ಲ. ದನ ಮೇಯಿಸುವಾಗ, ಅಡುಗೆ ಮಾಡುವಾಗ ತಂತಿ ತೊಡಕೇ. ಸಾಮಾನ್ಯ ಹಾಡಿಗೆ ಒಳ್ಳೆಯ ಬ್ಲೂಟೂತ್ ಸಾಕು. (ಮೇವು ಕತ್ತರಿಸುವ ಯಂತ್ರದ ಮುಂದೆ ಮಾತ್ರ ತಂತಿಯದೂ ಬೇಡ, ಬ್ಲೂಟೂತೂ ಬೇಡ.) ಆದರೆ ಅದರ ಮೈಕ್ ಚಾಲೂ ಆದ ಕೂಡಲೇ ಬಹಳಷ್ಟು ಸೆಟ್‌ಗಳಲ್ಲಿ ಸದ್ದು ಹಳೆಯ ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತದೆ. ಆನ್‌ಲೈನ್ ಕ್ಲಾಸಿನಲ್ಲಿ ಮೇಷ್ಟ್ರ ದನಿ ಡಬ್ಬಿಯೊಳಗಿಂದ ಬಂದಂತೆ ಕೇಳಿಸಲು ಇದೂ ಒಂದು ಕಾರಣ. ಬಡ್ಸ್ ಒಳಗಿನ ಬ್ಯಾಟರಿ ವರ್ಷ ಕಳೆದಂತೆ ಸವೆಯುತ್ತದೆ, ಅದನ್ನು ಬದಲಿಸಿಕೊಡುವವರು ಸುಲಭಕ್ಕೆ ಸಿಗುವುದಿಲ್ಲ. ತಂತಿ ಕಿತ್ತರೆ ನಮ್ಮ ಸಂತೆಯ ರೇಡಿಯೋ ರಿಪೇರಿ ಕಾಕಾ ₹30ಕ್ಕೆ ಬೆಸುಗೆ ಹಾಕಿ ಕೊಡುತ್ತಾನೆ.

ಅಂಗಡಿಯ ಹುಡುಗನಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. ನನ್ನ ಫೋನಿನಲ್ಲಿದ್ದ ಆ ಗ್ರಾಮಸಭೆಯ ರೆಕಾರ್ಡಿಂಗ್ ಹಚ್ಚಿ, ಅವನ ಶೋಕೇಸಿನ ₹1,499ರ ಬೇಸ್ ನೆಕ್‌ಬ್ಯಾಂಡ್ ಅವನ ಕಿವಿಗೇ ಕೊಟ್ಟೆ. “ಎಷ್ಟು ಮನಿ ಅಂತಾರ ಹೇಳು.” “ಇಪ್ಪತ್ತು,” ಅಂದ. ಆಮೇಲೆ ಹಿಂದಿನ ಗೂಟಕ್ಕೆ ಜೋತುಬಿದ್ದಿದ್ದ ₹250ರ ತಂತಿಯದನ್ನು ತೆಗೆಸಿದೆ. ಫೋನಿನ ಬೇಸ್ ಬೂಸ್ಟ್ ಬಂದ್ ಮಾಡಿದೆ, ರಬ್ಬರ್ ಬದಲಿಸಿದೆ, ಅದೇ ಜಾಗ ಮತ್ತೆ ಕೇಳಿಸಿದೆ.

ಅವನು ಎರಡು ಸಲ ಹಿಂದಕ್ಕೆ ಸರಿಸಿ ಕೇಳಿದ. ಇಯರ್‌ಫೋನ್ ತೆಗೆದು, “ಎಪ್ಪತ್ತು ಅನ್ನಾಕತ್ತಾರ್ರೀ ಸರ್... ಇದು ಯಾವೂರು?” ಅಂದ.

ಹೇಳಿದೆ. ಅವನ ಅಕ್ಕನನ್ನು ಕೊಟ್ಟ ಊರಂತೆ.